ಎರಡನೆಯ ಇಂಜೆಕ್ಷನ್

ನನ್ನ ಮೈಯೊಳಗೆ ಯಾರೋ ಇದ್ದಾರೆ. ತಮಾಷೆಗೆ ಹೇಳುತ್ತಿಲ್ಲ. ಗಡ್ಡ ಹೆರೆಯುವಾಗ ಕತ್ತಿನ ನರ ಮಿಡಿಯುವುದು ಕನ್ನಡಿಯಲ್ಲಿ ಕಂಡರೆ, ಚರ್ಮದ ಆಚೆ ಅವರು ಓಡಾಡುತ್ತಿದ್ದಾರೆ ಅನಿಸಿ ಬ್ಲೇಡು ಕೆಳಗಿಡುತ್ತೇನೆ. ನಲವತ್ತು ವರ್ಷ ಒಟ್ಟಿಗೆ ಬಾಳಿದ ಇವರ ಪರಿಚಯ ನನಗಾದದ್ದು ಹೋದ ವರ್ಷ, ತಿರುವನಂತಪುರದಲ್ಲಿ.

ನಾನು ಕಾಸರಗೋಡಿನ ಕಡೆಯ ಸರಕಾರಿ ಗುಮಾಸ್ತ. ನಮ್ಮೂರು ಕೇರಳಕ್ಕೆ ಸೇರಿದ ಮೇಲೆ ನನ್ನನ್ನು ಮೊದಲು ಕೊಚ್ಚಿಗೆ ಹಾಕಿದರು. ಅಲ್ಲಿ ಬೆನ್ನಿನ ಕುರುವಿಗೆ ಪೆನಿಸಿಲಿನ್ ಚುಚ್ಚಿಸಿಕೊಂಡೆ. ಕುರು ಮಾಯವಾಯಿತು. ವಾರ ಕಳೆದು ಮೈತುಂಬ ದದ್ದು ಎದ್ದು, ಎರಡು ದಿನ ತುರಿಸಿ, ಅದೂ ಹೋಯಿತು. ಕೊಚ್ಚಿಯ ನೀರು ಒಗ್ಗಲಿಲ್ಲವೆಂದು ನಾನೇ ತೀರ್ಪು ಕೊಟ್ಟೆ. ಹೆಂಡತಿ ಶಾರದೆ, ಅದು ಇಂಜೆಕ್ಷನ್ನಿನದೇ ಕೆಲಸ ಅಂದಳು. ಇಡೀ ದಿನ ಮೇಲಧಿಕಾರಿಯ ಮಾತು ಕೇಳಿ ದಣಿದವನಿಗೆ ಮನೆಯಲ್ಲೂ ಕೇಳಲು ಪುರುಸೊತ್ತೆಲ್ಲಿ?

ತಿರುವನಂತಪುರಕ್ಕೆ ವರ್ಗವಾಗಿ ಶಾರದೆಯೊಡನೆ ತಂಪಾನೂರಿನ ಲಾಡ್ಜಿನಲ್ಲಿ ಇಳಿದಾಗ ಗಂಟಲು ನೋವು, ಜ್ವರ. ಮರುದಿನ ಕೆಲಸಕ್ಕೆ ಹಾಜರಾಗಲೇಬೇಕು. ಹತ್ತಿರದ ಕ್ಲಿನಿಕ್ಕಿನಲ್ಲಿ ಕಂಪೌಂಡರ್ ಸಿರಿಂಜು ಹಿಡಿದು, "ಮುಂಬ್ ಎಡುತ್ತಿಟ್ಟುಂಡೋ, ಸಾರೇ?" ಎಂದ. ಪೆನಿಸಿಲಿನ್ ಹಿಂದೆ ತೆಗೆದುಕೊಂಡದ್ದುಂಟೋ ಎಂಬ ಪ್ರಶ್ನೆ.

"ದದ್ದು ಎದ್ದದ್ದು ಹೇಳಿ," ಸಿರಿಂಜು ಕಂಡು ಶಾರದೆ ನನ್ನ ತೋಳು ಹಿಡಿದಳು. ಪುತ್ತೂರಿನವಳು, ಮಲಯಾಳ ಬಾರದು.

"ನೀನೊಮ್ಮೆ ಸುಮ್ಮನಿರು ಮಾರಾಯ್ತಿ!" ಎಂದು ಗದರಿ, ಅವನಿಗೆ ಮಲಯಾಳದಲ್ಲಿ, ಒಮ್ಮೆ ಆಗಿದೆ, ಏನೂ ತೊಂದರೆಯಿಲ್ಲ ಅಂದೆ. ಹಿಂದೊಮ್ಮೆ ಮಂಜೂರಾದ ಕಾಗದ ಕಂಡರೆ ಕಣ್ಣುಮುಚ್ಚಿ ರುಜು ಹಾಕುವ ಜಾತಿ ನಮ್ಮದು.

ಅವನು ಚುಚ್ಚಿದ. ಮಡಚಿದ ಅಂಗಿಯ ತೋಳು ಇಳಿಸುವಷ್ಟರಲ್ಲಿ ಅಂಗೈ ಉರಿಯಿತು. ಆಮೇಲೆ ತುಟಿ ನನ್ನದಲ್ಲ ಅನಿಸಿತು. ಯಾರೂ ಮುಟ್ಟಿರಲಿಲ್ಲ, ಆದರೂ ಗಂಟಲನ್ನು ಒಳಗಿನಿಂದ ಯಾರೋ ಒತ್ತುತ್ತಿದ್ದರು, ಏನೂ ಅವಸರವಿಲ್ಲದೆ. ಸಾಯುತ್ತೇನೆಂದು ಖಾತ್ರಿಯಾಯಿತು. ಶಾರದೆ ಕಿರುಚುವುದು ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ.

ಒಳಕೋಣೆಯಿಂದ ಡಾಕ್ಟರು ಓಡಿಬಂದು ಅಡ್ರಿನಲಿನ್ ಚುಚ್ಚಿದರಂತೆ. ಉಸಿರು ಮರಳಿದ ಮೇಲೆ ಆ ವೃದ್ಧರು ಸಮಾಧಾನದಿಂದ ವಿವರಿಸಿದರು. ರಕ್ತದಲ್ಲಿ ಬಿಳಿಯ ಕಣಗಳಿವೆ. ರೋಗಾಣು ನುಗ್ಗಿದರೆ ಹಿಡಿದು ನುಂಗುತ್ತವೆ. ಬಂದವನ ಗುರುತನ್ನು ಮೈ ಇಟ್ಟುಕೊಳ್ಳುತ್ತದೆ. ಕೆಲವರ ಮೈ ಔಷಧವನ್ನೂ ಶತ್ರುವೆಂದು ಗುರುತು ಹಾಕಿಡುತ್ತದೆ. ಮತ್ತೆ ಅದು ಬಂದರೆ, ಕಾಯಬೇಕಾದ ಕಣಗಳೇ ತಮ್ಮಲ್ಲಿ ತುಂಬಿಟ್ಟ ರಸವನ್ನು ಒಮ್ಮೆಲೇ ಸುರಿದುಬಿಡುತ್ತವೆ. ಗಂಟಲು ಬಾತುಕೊಳ್ಳುತ್ತದೆ, ನಾಡಿ ಕುಸಿಯುತ್ತದೆ. ಕೊಚ್ಚಿಯ ಆ ದದ್ದು ನನ್ನೊಳಗಿನವರ ಎಚ್ಚರಿಕೆಯಾಗಿತ್ತು.

ನಮ್ಮ ಕಡೆ ಮೈಮೇಲೆ ಬರುವ ದೈವವಾದರೂ ವಾಸಿ. ತನಗೇನು ಬೇಕೆಂದು ಬಾಯಿಬಿಟ್ಟು ಹೇಳುತ್ತದೆ, ಎಳನೀರು ಕೊಟ್ಟರೆ ಶಾಂತವಾಗುತ್ತದೆ. ಇವರಿಗೆ ಏನು ಕೊಡುವುದು? ಈ ಸಾಲು ಬರೆಯುವಾಗಲೂ ಎಚ್ಚರವಾಗಿದ್ದಾರೆ, ನಾನು ಮರೆತದ್ದನ್ನೂ ನೆನಪಿಟ್ಟುಕೊಂಡು.

ಅಂದು ಲಾಡ್ಜಿಗೆ ಮರಳಿದ ಮೇಲೆ ಶಾರದೆ ನನ್ನ ಎದೆಯ ಮೇಲೆ ಕೈಯಿಟ್ಟು, "ಈಗ ಹೇಗುಂಟು?" ಎಂದಳು.

"ಹೆದರಿಕೆ ಆಗ್ತದೆ," ಎಂದೆ. ಮದುವೆಯಾದ ಮೇಲೆ ಅವಳಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವಳು ಅತ್ತುಬಿಟ್ಟಳು. ನಾಚಿಕೆಯಿಂದ, ಗದರಿದ್ದಕ್ಕೆ ತಪ್ಪಾಯಿತು ಅಂದೆ.

"ಅದನ್ನೆಲ್ಲ ಯಾರು ನೆನಪಿಟ್ಟುಕೊಳ್ತಾರೆ?" ಅಂದಳು ಶಾರದೆ, ಕಣ್ಣೊರೆಸಿಕೊಂಡು. "ಗಂಜಿ ತರಿಸಿದ್ದೇನೆ, ಬಿಸಿ ಇರುವಾಗ ಕುಡಿಯಿರಿ."