ಸೂಪರ್ ಸೈನಿಕರ ಬಗ್ಗೆ ಬಸ್ ಗೇಟಿನವರು ಹೇಳಿದ್ದು

ಶುಕ್ರವಾರ, ಬೆಳಗಿನ ಐದೂ ಮುಕ್ಕಾಲು. ಚಿತ್ರಮಂದಿರದ, ಬಸ್ ನಿಲ್ದಾಣದ ಕಡೆಯ ಹಿಂದಿನ ಬಾಗಿಲಿನಿಂದ ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಹೆಜ್ಜೆ ಎಣಿಸುತ್ತ ಹೊರಗೆ ಬರುತ್ತಾರೆ. ಇಪ್ಪತ್ತನೆಯ ಹೆಜ್ಜೆಗೆ ನಿಂತು, ಬಗ್ಗಲಾರದೆ ಬಗ್ಗಿ, ಸೀಮೆಸುಣ್ಣದಲ್ಲಿ ನೆಲಕ್ಕೊಂದು ಗೆರೆ ಎಳೆಯುತ್ತಾರೆ. ಸೊಂಟ ಹಿಡಿದುಕೊಂಡು ಎದ್ದು ನಿಲ್ಲುವಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿದವರ ಮೊದಲ ಗುಂಪು ಬಸ್ಸಿಳಿದು ಬರುತ್ತಿದೆ. ಗೋದಾಮಿನ ಲೋಡರ್‌ಗಳು, ಆಸ್ಪತ್ರೆಯ ಆಯಾಗಳು, ಸಮವಸ್ತ್ರದ ಮೇಲೊಂದು ಸ್ವೆಟರ್ ಹಾಕಿಕೊಂಡ ಕಾವಲುಗಾರರು. ಎಲ್ಲರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿವೆ. ಆದರೂ ಮನೆಗೆ ಹೋಗಿಲ್ಲ. ಆರು ಗಂಟೆಗೆ ಸೂಪರ್ ಸೈನಿಕರ ಎರಡನೇ ಭಾಗದ ಮೊದಲ ಆಟ.

ಒಳಗೆ ಹೋಗುವಾಗ ಒಬ್ಬ ಲೋಡರ್ ಗೆರೆಯನ್ನೂ ಅವರನ್ನೂ ನೋಡಿ, "ಏನು ಚೀಟಿ ಅಕ್ಕ, ಇವತ್ತು ನಮ್ಮ ಕಡೆ ನಿಂತಿದ್ದೀರಿ" ಅನ್ನುತ್ತಾನೆ.

"ಒಂದು ಆಟ ನಿಮ್ಮ ಕಡೆ, ಒಂದು ಆಟ ಆ ಕಡೆ. ಮಲಗಿಬಿಡಬೇಡ ಒಳಗೆ. ಗೊರಕೆ ಹೊಡೆದವರ ಅಭಿಪ್ರಾಯ ನಾನು ಬರೆಯಲ್ಲ."

ಚೀಟಿ ಅಕ್ಕನ ಕೆಲಸ ಇಷ್ಟೆ: ಸಿನಿಮಾ ನೋಡಿ ಹೊರಬಂದವರನ್ನು ನಿಲ್ಲಿಸಿ, ಹೇಗಿತ್ತು ಎಂದು ಕೇಳಿ, ಬರೆದುಕೊಳ್ಳುವುದು. ಬಸ್ ಟಿಕೆಟ್ಟಿನಷ್ಟು ಅಗಲದ ಚೀಟಿ. ಅದರಲ್ಲಿ ಮೂರು ಚೌಕ: ಹಿಡಿಸಿತು, ಪರವಾಗಿಲ್ಲ, ಹಿಡಿಸಲಿಲ್ಲ. ಕೆಳಗೊಂದು ಖಾಲಿ ಗೆರೆ. ಪ್ರೇಕ್ಷಕರ ಕೈಗೆ ಪೆನ್ಸಿಲ್ ಕೊಡುವುದಿಲ್ಲ. ಕೊಟ್ಟರೆ ಹುಡುಗರು ಹಾಳುಮೂಳು ಬರೆಯುತ್ತಾರೆ, ಕೆಲವರು ಫೋನ್ ನಂಬರ್ ಬರೆಯುತ್ತಾರೆ, ಓದಿದವರು ಪ್ರಬಂಧ ಬರೆಯುತ್ತಾರೆ. ಜನ ಮಾತಾಡುತ್ತಿದ್ದಂತೆ ಅಕ್ಕನೇ ಗುರುತು ಹಾಕಿ, ಅವರ ಮಾತನ್ನು ಅವರಾಡಿದ ಹಾಗೇ ಆ ಗೆರೆಯ ಮೇಲೆ ಕೂರಿಸುತ್ತಾರೆ. ಒಬ್ಬರಿಗೆ ಹದಿನೈದು ಸೆಕೆಂಡು. ಒಂದು ಆಟಕ್ಕೆ ಸುಮಾರು ನಲವತ್ತು ಚೀಟಿ. ಶುಕ್ರವಾರದಿಂದ ಭಾನುವಾರದವರೆಗೆ ಹದಿನೈದು ಆಟ. ಸೋಮವಾರ ಬೆಳಗ್ಗೆ ಕಟ್ಟು ಮ್ಯಾನೇಜರ ಮೇಜಿನ ಮೇಲಿರಬೇಕು.

ಇಪ್ಪತ್ತು ಹೆಜ್ಜೆಯ ಲೆಕ್ಕ ಅವರದೇ. ಬಾಗಿಲ ಬಳಿ ಕೇಳಿದರೆ ಎಲ್ಲರೂ ಸೂಪರ್ ಅನ್ನುತ್ತಾರಂತೆ. ಕಿವಿಯಲ್ಲಿ ಇನ್ನೂ ಕೊನೆಯ ಹಾಡಿನ ಡ್ರಮ್ಮು, ಪಕ್ಕದಲ್ಲಿ ಗೆಳೆಯರು. "ಅಲ್ಲಿ ಹೇಳೋದು ಆವೇಶ. ಇಪ್ಪತ್ತು ಹೆಜ್ಜೆ ನಡೀಲಿ. ಬಿಸಿಲು ಮುಖಕ್ಕೆ ಬೀಳಲಿ, ಬಸ್ಸು ಎಷ್ಟೊತ್ತಿಗೆ ಅಂತ ನೆನಪಾಗಲಿ. ಆಮೇಲೂ ಚೆನ್ನಾಗಿತ್ತು ಅಂದ್ರೆ ಚೆನ್ನಾಗಿತ್ತು."

ಇದಕ್ಕೂ ಮೊದಲು ಹತ್ತೊಂಬತ್ತು ವರ್ಷ ಅವರು ಇದೇ ಮಂದಿರದ ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದರು. ಜನ ಫೋನಿನಲ್ಲಿ ಟಿಕೆಟ್ ಕೊಳ್ಳತೊಡಗಿದ ಮೇಲೆ ಕಿಟಕಿಗೆ ಹಲಗೆ ಬಡಿದರು. ಮ್ಯಾನೇಜರು ಅವರನ್ನು ಮನೆಗೆ ಕಳಿಸುವ ಬದಲು ಈ ಕೆಲಸ ಹುಟ್ಟಿಸಿದರು. ಆ ಉಪಕಾರವನ್ನು ಅಕ್ಕ ಇವತ್ತಿಗೂ ನೆನೆಯುತ್ತಾರೆ. ಕೂತು ಮಾಡುತ್ತಿದ್ದ ಕೆಲಸ ನಿಂತು ಮಾಡುವ ಕೆಲಸವಾಗಿದೆ. ಕಾಲಿನ ನರ ಹಗ್ಗದಂತೆ ಉಬ್ಬಿದೆ. ದಿನಕ್ಕೆ ನೂರು ಜನ ಏನೋ ಮಾರಲು ಬಂದವರೆಂದು ಕೈಯಾಡಿಸಿ ದೂರ ಸರಿಸುತ್ತಾರೆ. "ಸರಿಸಲಿ ಬಿಡಿ. ನಿಲ್ಲೋರು ನಿಲ್ತಾರಲ್ಲ. ಅವರಿಗೇನು ಲಾಭ? ಆದ್ರೂ ನಿಲ್ತಾರೆ." ಅದಕ್ಕೇ ಪ್ರತಿ ಚೀಟಿ ಮುಗಿದಾಗ ತಲೆ ಎತ್ತಿ ಮುಖ ನೋಡಿ "ಉಪಕಾರ ಆಯ್ತು" ಅನ್ನುತ್ತಾರೆ. ನಲವತ್ತು ಚೀಟಿಗೆ ನಲವತ್ತು ಸಲ.

ಈ ವಾರ ಆ ಕೆಲಸದ ತಲೆಯ ಮೇಲೇ ಕತ್ತಿ ತೂಗುತ್ತಿದೆ. ಮಂದಿರದ ಮಾಲೀಕರು ಮ್ಯಾನೇಜರಿಗೆ ಹೇಳಿದ್ದಾರೆ: ಫೋನ್ ತೆಗೆದರೆ ಜನ ಕೊಟ್ಟ ನಕ್ಷತ್ರ ಅಲ್ಲೇ ಕಾಣುತ್ತದೆ, ಚೀಟಿ ಯಾಕೆ? ಮ್ಯಾನೇಜರು ಅದನ್ನು ಮುಚ್ಚಿಡದೆ ಅಕ್ಕನಿಗೆ ತಿಳಿಸಿದ್ದಾರೆ. ಫೋನ್ ಹೇಳಿದ್ದನ್ನೇ ಅವರ ಚೀಟಿಗಳೂ ಹೇಳಿದರೆ ಈ ಸಿನಿಮಾವೇ ಕೊನೆ. ಮುಂದಿನ ತಿಂಗಳಿಂದ ಚೀಟಿ ಇಲ್ಲ, ಕೆಲಸವೂ ಇಲ್ಲ.

ಎಂಟೂ ಇಪ್ಪತ್ತಕ್ಕೆ ಬಾಗಿಲು ತೆರೆಯುತ್ತದೆ. ಬೇರೆ ಕಡೆ ನಡುರಾತ್ರಿಯ ಆಟ ನೋಡಿದವರಿಂದ ಆ ಹೊತ್ತಿಗಾಗಲೇ ಫೋನಿನಲ್ಲಿ ಚಿತ್ರಕ್ಕೆ ಐದಕ್ಕೆ ಎರಡು ನಕ್ಷತ್ರ. ಮೊದಲ ಭಾಗದಲ್ಲಿ ಪ್ರಯೋಗಾಲಯದವರು ಆರು ಸೈನಿಕರಿಗೆ ಔಷಧಿ ಚುಚ್ಚಿ ನಿದ್ದೆ ಬಾರದ, ಗಾಯವಾಗದ ಮನುಷ್ಯರನ್ನಾಗಿ ಮಾಡಿದ್ದರು. ಈ ಭಾಗದಲ್ಲಿ ಔಷಧಿಯ ಶಕ್ತಿ ಇಳಿಯುತ್ತದೆ. ಅವರ ಕ್ಯಾಪ್ಟನ್ ಜ್ವರ ಬಂದು, ಮಂಡಿ ನೋವಿನಿಂದ ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಡುತ್ತಾನೆ. ನಾಲ್ಕು ನಿಮಿಷ ಒಂದು ಮಾತಿಲ್ಲ, ಒಂದು ಗುಂಡಿಲ್ಲ. ಫೋನಿನಲ್ಲಿ ಬರೆದವರೆಲ್ಲ ಉಗಿದಿರುವುದು ಇದಕ್ಕೇ.

ಬಸ್ ಗೇಟಿನವರು ಗೆರೆಯ ಬಳಿ ಬರುತ್ತಾರೆ. ಒಬ್ಬ ಕಾವಲುಗಾರ, ಸೈನಿಕರು ಆರಿದ್ದವರು ಅರವತ್ತಾದರು, ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಎಂದೇ ತಿಳಿಯಲಿಲ್ಲ ಅನ್ನುತ್ತಾನೆ. ಹಿಡಿಸಲಿಲ್ಲ. ಕಾಲೇಜಿನ ಹುಡುಗಿಯೊಬ್ಬಳಿಗೆ ಕ್ಯಾಪ್ಟನ್ನನ ಹೊಸ ಕೂದಲೇ ಆಕ್ಷೇಪ. ಪರವಾಗಿಲ್ಲ. ಆಮೇಲೆ ಒಬ್ಬ ಆಯಾ, ವಯಸ್ಸು ನಲವತ್ತರ ಮೇಲೆ, ಗೆರೆ ದಾಟಿ ಹೋದವಳು ತಾನಾಗಿಯೇ ಹಿಂದಕ್ಕೆ ಬರುತ್ತಾಳೆ.

"ಆ ಕ್ಯಾಪ್ಟನ್ನು ಒಂಬತ್ತು ದಿನ ನಿದ್ದೆ ಇಲ್ಲದೆ ಡ್ಯೂಟಿ ಮಾಡಿದ್ನಲ್ಲ ಹೋದ ಸಲ, ಆವಾಗ ನನಗೆ ನಗು ಬಂದಿತ್ತು. ಅವನಿಗೆ ಇಂಜೆಕ್ಷನ್, ನಮಗೆ ಟೀ. ಇವತ್ತು ಆ ಮೆಟ್ಟಿಲ ಮೇಲೆ ಕೂತ್ಕೊಂಡ್ನಲ್ಲ, ಹಾಂ, ಈಗ ದಾರಿಗೆ ಬಂದ ಅಂದ್ಕೊಂಡೆ. ಬರ್ಕೊಳ್ಳಿ ಇದನ್ನ."

ಅಕ್ಕ ಬರೆದುಕೊಳ್ಳುತ್ತಾರೆ. ಹಿಡಿಸಿತು. ಚೀಟಿಯ ಬಲ ಮೂಲೆಯನ್ನು ಉಗುರಿನಿಂದ ಹರಿಯುತ್ತಾರೆ.

ಈ ಮೂಲೆ ಹರಿಯುವುದರ ಹಿಂದೆ ಒಂದು ತಪ್ಪಿನ ಕಥೆಯಿದೆ. ಅಕ್ಕ ಅದನ್ನು ಯಾರು ಕೇಳಿದರೂ ಹೇಳುತ್ತಾರೆ. ಮಂದಿರಕ್ಕೆ ಹೊರಹೋಗಲು ಎರಡು ದಾರಿ. ಮುಂದಿನದು ಗಾಡಿ ನಿಲ್ಲಿಸುವ ಕಡೆಗೆ, ಹಿಂದಿನದು ಬಸ್ ನಿಲ್ದಾಣಕ್ಕೆ. ಮುಂದೆ ಮಾಡಿನ ನೆರಳಿದೆ, ಒರಗಲು ಗೋಡೆಯಿದೆ, ಗಾಡಿಯ ಕೀ ಹುಡುಕುವ ನೆಪದಲ್ಲಿ ಜನ ತಾವಾಗಿಯೇ ನಿಲ್ಲುತ್ತಾರೆ. ಅಕ್ಕ ಮೊದಲ ಎರಡು ವರ್ಷ ಅಲ್ಲೇ ನಿಂತರು. ನಾಲ್ಕು ವರ್ಷದ ಹಿಂದೆ ಸೂಪರ್ ಸೈನಿಕರ ಮೊದಲ ಭಾಗ ಬಂದಾಗ ಚೀಟಿಗಳೆಲ್ಲ ಒಂದೇ ಸ್ವರದಲ್ಲಿ ಬೈದವು: ಬರೀ ಗದ್ದಲ, ತಲೆನೋವು. ಮ್ಯಾನೇಜರು ಅದನ್ನು ನಂಬಿ ಒಂದೇ ವಾರಕ್ಕೆ ಚಿತ್ರ ಕಿತ್ತರು. ಎರಡು ಬೀದಿ ಆಚೆಯ ಮಂದಿರದಲ್ಲಿ ಅದೇ ಚಿತ್ರ ಹನ್ನೊಂದು ವಾರ ಓಡಿತು.

ಜನರ ರುಚಿಯನ್ನು ಹಿಡಿದವರಾರು ಎಂದು ಮ್ಯಾನೇಜರು ಅದನ್ನು ಅಲ್ಲಿಗೇ ಬಿಟ್ಟರು. ಅಕ್ಕನಿಗೆ ಮಾತ್ರ ಅದು ಒಳಗೇ ಕೊರೆಯುತ್ತಿತ್ತು. ಒಂದು ದಿನ ಕಸ ಗುಡಿಸುವ ಹೆಂಗಸು, ಪೊರಕೆ ಕುಟ್ಟುತ್ತ, ಆ ಸೈನಿಕರ ಚಿತ್ರ ಮತ್ತೆ ಯಾವಾಗ ಎಂದು ಹಿಂದಿನ ಗೇಟಿನಲ್ಲಿ ದಿನಾ ಹತ್ತು ಜನ ಕೇಳುತ್ತಾರೆ, ನೀನು ಅವರಲ್ಲಿ ಒಬ್ಬರನ್ನಾದರೂ ಕೇಳಿದ್ದೆಯಾ ಎಂದಳು. ಅಕ್ಕ ಕೇಳಿರಲಿಲ್ಲ. ಎರಡು ವರ್ಷ ಅವರು ಊರಿನ ಅಭಿಪ್ರಾಯವೆಂದು ಬರೆದುಕೊಟ್ಟದ್ದೆಲ್ಲ ಗಾಡಿ ಇದ್ದವರ ಅಭಿಪ್ರಾಯ. ಅವತ್ತೇ ಮ್ಯಾನೇಜರ ಕೋಣೆಗೆ ಹೋದರು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹೇಳ್ದೆ. ತಪ್ಪು ಜನರದ್ದಲ್ಲ ಸಾರ್, ನಾನು ನಿಂತ ಜಾಗದ್ದು ಅಂತ. ನೆರಳು ನೋಡಿ ನಿಂತುಬಿಟ್ಟೆ." ಮ್ಯಾನೇಜರು ಬೈಯಲಿಲ್ಲ. ಇನ್ನು ಮೇಲೆ ಎರಡೂ ಕಡೆ ನಿಲ್ಲಿ ಎಂದರು. ಆ ಗುಡಿಸುವ ಹೆಂಗಸಿಗೆ ಅಕ್ಕ ಅವತ್ತಿನಿಂದ ಬೆಳಗಿನ ಟೀ ತಪ್ಪಿಸಿಲ್ಲ. "ಅವಳು ಪೊರಕೇಲಿ ಕಸ ಮಾತ್ರ ಗುಡಿಸಿಲ್ಲ, ನನ್ನ ಕಣ್ಣೂ ಗುಡಿಸಿದ್ದಾಳೆ" ಎಂದು ನಗುತ್ತಾರೆ.

ಹಾಗಾಗಿ ಈಗ ಮೂಲೆ ಹರಿದದ್ದು ಬಸ್ ಗೇಟಿನ ಚೀಟಿ, ಹರಿಯದ್ದು ಗಾಡಿ ಗೇಟಿನದು. ಕಟ್ಟಿನಲ್ಲಿ ಎರಡೂ ಬೆರೆತರೂ ಬೆರಳಿಗೇ ಗೊತ್ತಾಗುತ್ತದೆ.

ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಜೊತೆಗಿರುವುದು ಗಂಡನ ಅಕ್ಕ, ಅರವತ್ತರ ಅತ್ತಿಗೆ. ಮನೆಯಲ್ಲೇ ಅಂಗಿಗಳಿಗೆ ಗುಂಡಿ ಹೊಲಿಯುತ್ತಾರೆ. ಮೆತ್ತಗಿನ ಮಾತಿನ ಈ ಮುದುಕಿಗೆ ಹೊಡೆದಾಟದ ಸಿನಿಮಾದ ಹುಚ್ಚು. ಆರು ಸೈನಿಕರ ಹೆಸರು, ಯಾರಿಗೆ ಯಾವ ಕೈ ಕಬ್ಬಿಣದ್ದು, ಎಲ್ಲ ಬಾಯಿಪಾಠ. ಭಾನುವಾರ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಚೀಟಿಗಳನ್ನು ಗುಡ್ಡೆ ಹಾಕಿ ಇಬ್ಬರೂ ವಿಂಗಡಿಸುತ್ತಾರೆ. ಬೈದ ಚೀಟಿ ಬಂದಾಗ ಅತ್ತಿಗೆಯ ಮುಖ ಗಂಟಾಗುತ್ತದೆ. ಇವನಿಗೇನು ಗೊತ್ತು, ಇದನ್ನು ಒಲೆಗೆ ಹಾಕು ಅನ್ನುತ್ತಾರೆ.

"ಅತ್ತಿಗೆ, ಹಾಕಿದ್ರೆ ಒಂದೇ ಕಡೆಯವರ ಮಾತು ಉಳೀತದೆ, ನಾನೂ ಫೋನೂ ಒಂದೇ ಆಗಿಬಿಡ್ತೀವಿ. ಇಡಿ ಅದನ್ನ."

"ನಿನ್ನ ಕೆಲಸ ಹೋಗ್ತದಲ್ಲೇ."

"ಹೋದ್ರೆ ಹೋಗ್ಲಿ. ಗುಂಡಿ ಹೊಲಿಯೋಕೆ ಕಲಿಸಿ."

"ನಿನ್ನ ಕಣ್ಣಿಗೆ ಸೂಜಿ ಪೋಣಿಸೋದರಲ್ಲೇ ನನ್ನ ಆಯಸ್ಸು ಮುಗೀತದೆ" ಎಂದು ಅತ್ತಿಗೆ ಆ ಚೀಟಿಯನ್ನು ತಿರುಗಿ ಗುಡ್ಡೆಗೆ ಎಸೆಯುತ್ತಾರೆ.

ಒಟ್ಟು ಆರುನೂರ ಹದಿಮೂರು ಚೀಟಿ. ಗಾಡಿ ಗೇಟಿನ ಇನ್ನೂರ ನಲವತ್ತರಲ್ಲಿ ಹಿಡಿಸಿತು ಅಂದವರು ಅರವತ್ತೊಂದೇ ಜನ. ಇದು ಫೋನಿನ ಎರಡು ನಕ್ಷತ್ರಕ್ಕೆ ಸರಿಯಾಗಿ ಹೊಂದುತ್ತದೆ. ಬಸ್ ಗೇಟಿನ ಮುನ್ನೂರ ಎಪ್ಪತ್ತಮೂರರಲ್ಲಿ ಮುನ್ನೂರ ಹತ್ತು ಜನ ಹಿಡಿಸಿತು ಅಂದಿದ್ದಾರೆ. ಅವರ ಗೆರೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಮೆಟ್ಟಿಲು. ಗುಂಡು ತಗುಲಿದರೂ ಸಾಯದವನಿಗೆ ನಾನ್ಯಾಕೆ ಹೆದರಲಿ ಅಂತಿದ್ದೆ, ಈ ಸಲ ಹೆದರಿದೆ ಎಂದು ಒಬ್ಬ. ನನ್ನ ಮಂಡಿಯೂ ಹಾಗೇ ಸದ್ದು ಮಾಡುತ್ತದೆ ಎಂದು ಇನ್ನೊಬ್ಬ. ಅವನು ಮತ್ತೆ ಏಳುವವರೆಗೆ ನಾನು ಉಸಿರು ಬಿಡಲಿಲ್ಲ ಎಂದು ಮತ್ತೊಬ್ಬಳು.

ಸೋಮವಾರ ಬೆಳಗ್ಗೆ ಮ್ಯಾನೇಜರು ಎರಡೂ ಕಟ್ಟು ಬಿಚ್ಚಿ ಓದುತ್ತಾರೆ. ಅವರು ಎತ್ತರದ, ಕಡಿಮೆ ಮಾತಿನ ಮನುಷ್ಯ. ಬಸ್ ಗೇಟಿನವರು ಫೋನಿನಲ್ಲಿ ನಕ್ಷತ್ರ ಕೊಡುವುದಿಲ್ಲವೇ ಎಂದು ಕೇಳುತ್ತಾರೆ. ಅಕ್ಕ, ಅವರು ಬಸ್ಸು ಹತ್ತಿದ ಕೂಡಲೇ ನಿದ್ದೆ ಮಾಡುತ್ತಾರೆ ಸಾರ್, ನಕ್ಷತ್ರ ಕೊಡುವುದಕ್ಕೆ ಎಚ್ಚರ ಎಲ್ಲಿರುತ್ತದೆ ಅನ್ನುತ್ತಾರೆ. ಮ್ಯಾನೇಜರು ಆಯಾ ಹೇಳಿದ ಚೀಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮಾಲೀಕರಿಗೆ ಅಲ್ಲೇ ಫೋನ್ ಮಾಡುತ್ತಾರೆ. ದಿನದ ಐದು ಆಟದಲ್ಲಿ ಮೂರನ್ನು ತೆಗೆಯುತ್ತಾರೆ. ಉಳಿಸಿಕೊಳ್ಳುವುದು ಬೆಳಗಿನ ಆರು ಗಂಟೆಯದು, ಮಧ್ಯಾಹ್ನದ ಎರಡೂವರೆಯದು. ಎರಡೂ ಪಾಳಿ ಬಿಡುವ ಹೊತ್ತು.

ಇದು ಮೂರನೇ ವಾರ. ಆ ಎರಡು ಆಟಗಳಿಗೆ ಹಿಂದಿನ ಗೇಟಿನಲ್ಲಿ ಇನ್ನೂ ಸಾಲು ನಿಲ್ಲುತ್ತದೆ. ಕೆಲಸ ಉಳಿಯಿತು ಎಂದು ಅಕ್ಕನಿಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಐದು ಸಾವಿರ ಹೊಸ ಚೀಟಿ ಅಚ್ಚಿಗೆ ಹೋಗಿದೆ, ಅಷ್ಟೇ. ಬಸ್ ಗೇಟಿನದಕ್ಕೆ ಬೇರೆ ಬಣ್ಣ ಹಾಕಿಸಲೇ ಎಂದು ಮ್ಯಾನೇಜರು ಕೇಳಿದರಂತೆ. ಬೇಡ, ಹರಿಯುವುದು ಕೈಗೆ ಅಭ್ಯಾಸವಾಗಿದೆ ಎಂದರಂತೆ ಇವರು. ಮೊನ್ನೆ ಆ ಆಯಾ ಮತ್ತೆ ಬಂದಿದ್ದಳು, ಈ ಸಲ ತಂಗಿಯನ್ನು ಕರೆದುಕೊಂಡು. ನೀನು ಹೇಳಿದ್ದರಿಂದಲೇ ಚಿತ್ರ ಉಳಿಯಿತು ಎಂದು ಅಕ್ಕ ಅವಳ ಕೈ ಹಿಡಿದುಕೊಂಡರು. ಅವಳು ನಂಬಲಿಲ್ಲ. ನಾನು ಹೇಳಿದ್ದನ್ನು ಯಾರು ಓದುತ್ತಾರೆ ಎಂದು ನಕ್ಕಳು. ಓದಿದರು, ಎರಡು ಸಲ ಓದಿದರು ಎಂದು ಅಕ್ಕ ಸಾಧಿಸಿದ ಮೇಲೆ ಅವಳ ನಗು ನಿಂತಿತು. ತಂಗಿಯ ಕಡೆ ತಿರುಗಿ, ಕೇಳಿಸಿಕೊಂಡೆಯಾ ಎಂದಳು.

ಕಳೆದ ಬುಧವಾರ ಅಕ್ಕ ಅತ್ತಿಗೆಯನ್ನು ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋಗಿದ್ದಾರೆ. ಚೀಟಿ ಮುಗಿಯುವವರೆಗೆ ಅಕ್ಕ ಯಾವ ಸಿನಿಮಾವನ್ನೂ ನೋಡುವುದಿಲ್ಲ. ನೋಡಿದರೆ ತಮ್ಮ ಅಭಿಪ್ರಾಯ ಮುಖದ ಮೇಲೆ ಕೂರುತ್ತದೆ, ಎದುರಿನವರು ಅದನ್ನು ಓದಿಕೊಂಡು ಹೇಳುತ್ತಾರೆ ಎಂಬ ಭಯ. ಅತ್ತಿಗೆ ಆಟ ಮುಗಿಯುವವರೆಗೂ ಕುರ್ಚಿಯ ತುದಿಯಲ್ಲೇ ಕೂತಿದ್ದರು. ಮೆಟ್ಟಿಲ ದೃಶ್ಯದಲ್ಲಿ ಸೆರಗು ಬಾಯಿಗೆ ಹೋಗಿತ್ತು. ಅಕ್ಕನಿಗೆ ಹೇಗಿತ್ತು?

ಅವರು ಇಪ್ಪತ್ತು ಹೆಜ್ಜೆ ನಡೆದೇ ಉತ್ತರ ಕೊಡುತ್ತಾರೆ. "ನನಗೆ ಅಷ್ಟಕ್ಕಷ್ಟೆ. ನಡುವೆ ಒಂದು ಹತ್ತು ನಿಮಿಷ ತೂಕಡಿಸಿದೆ. ಆದ್ರೆ ಅದು ಒಂದು ಚೀಟಿ. ಆರುನೂರ ಹದಿಮೂರು ಜನ ನಿಂತು ಹೇಳಿದ್ದಾರೆ. ಅವರದ್ದನ್ನ ನಾನು ಒಂದಕ್ಷರ ತಿದ್ದಿಲ್ಲ."