ಮೊದಲ ಕಾಗದ

ಆ ಶ್ರಾವಣದಲ್ಲಿ ಇಳಕಲ್ಲಿನ ಚಿಗವ್ವನ ಮನೆಯಲ್ಲಿ ನಾನು ಮಾಸ್ಕ್ ತೆಗೆದದ್ದು ಹೇಗೆ ಎಂಬುದನ್ನು ಇದುವರೆಗೆ ಮೂರು ಬಗೆಯಲ್ಲಿ ಬರೆದಿದ್ದೇನೆ. ಮೊದಲನೆಯದರಲ್ಲಿ ಚಿಗವ್ವನೇ, "ಮಾಸ್ತರ, ಎತ್ತಿಗೆ ಬಾಯಿಕುಕ್ಕಿ ಹಾಕಿದಂಗ ಕಾಣ್ತಿ. ತೆಗಿ ಅದನ್ನ" ಅನ್ನುತ್ತಾಳೆ. ಎರಡನೆಯದರಲ್ಲಿ ಬೆವರಿಗೆ ಅದು ತಾನಾಗಿ ಗದ್ದಕ್ಕೆ ಜಾರುತ್ತದೆ. ಮೂರನೆಯದರಲ್ಲಿ ನಾನೇ ಕಿತ್ತು ಗೋಡೆಯ ಮೊಳೆಗೆ ಸಿಕ್ಕಿಸುತ್ತೇನೆ. ಮೊದಲನೆಯದು ಓದಲು ಚೆನ್ನಾಗಿದೆ, ಅವಳ ದನಿ ಕೇಳಿಸುತ್ತದೆ. ಅದಕ್ಕೇ ಅದರ ಮೇಲೆ ನನಗೆ ಹೆಚ್ಚು ಅನುಮಾನ.

ಅನುಮಾನವಿಲ್ಲದ್ದು ಇಷ್ಟು. ಇಳಕಲ್ ಸೀರೆಯ ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಮೈಯ ಹಾಸು ಬೇರೆ. ಮಗ್ಗದ ಮೇಲೆ ಅವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಇಬ್ಬರು ಎದುರುಬದುರು ಕೂತು, ತಲೆಗೆ ತಲೆ ತಾಗುವಷ್ಟು ಬಾಗಬೇಕು. ದಿನಾ ಅವಳೆದುರು ಕೂರುತ್ತಿದ್ದವಳು ಅವಳ ಮಗಳು, ಚಿಕ್ಕಮ್ಮನ ಮಗಳಾದ್ದರಿಂದ ನನಗೆ ತಂಗಿ. ಅಂದು ತಂಗಿಯ ಬೆರಳು ಹುಣ್ಣಾಗಿ ಬಾತಿತ್ತು. ಲಾಕ್‌ಡೌನ್ ಸಡಿಲಾಗಿ ಬಸ್ಸು ಬಿಟ್ಟಿದ್ದೇ ತಡ, ಬಾಗಲಕೋಟೆಯಿಂದ ಅವರನ್ನು ನೋಡಲು ಹೋಗಿದ್ದ ನಾನು ಆ ಜಾಗದಲ್ಲಿ ಕೂತೆ. ಸಣ್ಣವನಿದ್ದಾಗ ಕಲಿತ ಕೆಲಸ, ಕೈ ಮರೆತಿರಲಿಲ್ಲ. ಎಳೆ ಹಿಡಿಯುವ ಮೊದಲು ಬೆರಳನ್ನು ನಾಲಿಗೆಗೆ ಒತ್ತುವ ಕೆಟ್ಟ ರೂಢಿಯನ್ನೂ ಮರೆತಿರಲಿಲ್ಲ.

"ಇನ್ನೂ ಎಂಜಲ ಹಚ್ಚೂದು ಬಿಟ್ಟಿಲ್ಲಲ್ಲೋ" ಅಂದಳು ಚಿಗವ್ವ. "ಕಾಲೇಜಿನ್ಯಾಗ ಹುಡುಗರ ಪೇಪರೂ ಹಿಂಗ ತಿರಿವತೀಯೇನು?"

"ಅವ್ರ ಪೇಪರಿನ್ಯಾಗ ಬರದದ್ದ ಇರಂಗಿಲ್ಲ. ಒಂದ ಸಲ ತಿರಿವಿದ್ರ ಮುಗೀತು" ಅಂದೆ. ಅವಳು ನಕ್ಕಳು. ಇಬ್ಬರ ಮುಖದ ನಡುವೆ ಒಂದು ಗೇಣು ಇದ್ದೀತು.

ಐದನೆಯ ದಿನ ಅವಳಿಗೆ ಜ್ವರ. ಆಮೇಲೆ ಉಸಿರು ಕಟ್ಟತೊಡಗಿತು. ಬಾಗಲಕೋಟೆಯ ದವಾಖಾನೆಗೆ ತಂದರು. ಅಷ್ಟರಲ್ಲಿ ಅದೇ ಊರಿಗೆ ಮರಳಿದ್ದ ನನ್ನನ್ನು ಗೇಟಿನ ಒಳಗೆ ಬಿಡಲಿಲ್ಲ. ಅವಳು ಅಲ್ಲೇ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಕೂತ ಭಂಗಿಯಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಅವಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಲಗಿಸಿಯೇ ಗುಂಡಿಗೆ ಇಳಿಸಿದರು. ನಾನು ಅದನ್ನು ದೂರದಿಂದ ನೋಡಿದೆ. ಆ ದಿನಗಳಲ್ಲೆಲ್ಲ ನನಗೆ ಒಂದು ಸೀನೂ ಬಂದಿರಲಿಲ್ಲ.

ದಸರೆಯ ಹೊತ್ತಿಗೆ ನಮ್ಮ ಕಾಲೇಜಿನ ಸಿಬ್ಬಂದಿಯ ರಕ್ತ ತೆಗೆದು ಪ್ರತಿಕಾಯ ಪರೀಕ್ಷೆ ಮಾಡಿದರು. ನನ್ನ ಕಾಗದದಲ್ಲಿ 'ಇದೆ' ಎಂದು ಬಂತು. ಅಂದರೆ ರೋಗ ನನ್ನ ಮೈಯಲ್ಲಿ ಗೊತ್ತಾಗದ ಹಾಗೆ ಬಂದು ಹೋಗಿತ್ತು. ಯಾವಾಗ? ಅದನ್ನು ಕಾಗದ ಹೇಳುವುದಿಲ್ಲ. ಇಳಕಲ್ಲಿಗೆ ಹೋಗುವ ಮೊದಲು ಇದ್ದಿರಬಹುದು. ಚಿಗವ್ವನಿಂದಲೇ ನನಗೆ ಬಂದಿರಬಹುದು. ಆಮೇಲೆ ಬಾಗಲಕೋಟೆಯ ಸಂತೆಯಲ್ಲಿ ಅಂಟಿರಬಹುದು. ನನ್ನ ರಕ್ತಕ್ಕೆ ಆದದ್ದು ನೆನಪಿತ್ತು, ತಾರೀಖು ನೆನಪಿರಲಿಲ್ಲ. ಲ್ಯಾಬಿನವರನ್ನು ಕೇಳಿದ್ದು ಮಾತ್ರ ಎಂಜಲು ಬೆರಳಿನ ಬಗ್ಗೆ. "ಬೆರಳ ಬಿಡ್ರಿ ಸರ್" ಅಂದರು. "ಅಷ್ಟ ಹತ್ರ ಕೂತ ಮಾತಾಡಿದ್ರ ಉಸಿರ ಸಾಕು."

ಆ ಕಾಗದದ ಸುದ್ದಿ ತಂಗಿಗೆ ಹೇಳಲಿಲ್ಲ. ಫೋನು ಮಾಡಿದಾಗೆಲ್ಲ ಊಟ, ಮಳೆ, ಮಗ್ಗ ಎಂದು ಮಾತಾಡಿ ಇಡುತ್ತಿದ್ದೆ.

ಸಂಕ್ರಾಂತಿ ಹತ್ತಿರವಾದಾಗ ಮತ್ತೊಮ್ಮೆ ರಕ್ತ ಕೊಟ್ಟೆ. ಲಸಿಕೆ ಇನ್ನೂ ನಮ್ಮ ತನಕ ಬಂದಿರಲಿಲ್ಲ. ಈ ಸಲ 'ಇಲ್ಲ' ಎಂದು ಬಂತು. ನಾನು ಹಗುರಾದದ್ದನ್ನು ಲ್ಯಾಬಿನವರು ನೋಡಿರಬೇಕು.

"ಇಲ್ಲ ಅಂದ್ರ ರೋಗನ ಬಂದಿರ್ಲಿಲ್ಲ ಅಂತಲ್ರಿ ಸರ್" ಅಂದರು. "ಹಗುರಾಗಿ ಬಂದು ಹೋದವರೊಳಗ ಕೆಲವ್ರಿಗೆ ಈ ಪ್ರತಿಕಾಯ ಲಗೂನ ಇಳೀತದ. ನಮ್ಮ ಮಿಷನ್ನಿಗೆ ಸಿಗೂದಿಲ್ಲ, ಅಷ್ಟ."

ಕೇಳಿಸಿಕೊಂಡೆ. ಕೇಳಿಸಿಕೊಂಡೂ ಮರುದಿನ ಹುನಗುಂದದ ಮೇಲೆ ಹಾಯ್ದು ಇಳಕಲ್ಲಿಗೆ ಹೋದೆ. ಎರಡೂ ಕಾಗದ ಕಿಸೆಯಲ್ಲಿದ್ದವು. ತೋರಿಸಬೇಕೆಂದಿದ್ದದ್ದು ಎರಡನೆಯದು ಮಾತ್ರ.

ತಂಗಿ ಬಾಗಿಲಲ್ಲೇ ಕಾಗದ ಇಸಿದುಕೊಂಡು ಓದಿದಳು. ಮತ್ತೆ ಓದಿದಳು. ಅವಳ ಮುಖ ತಿಳಿಯಾಗುತ್ತದೆ ಎಂದುಕೊಂಡಿದ್ದೆ.

"ಹಂಗಾದ್ರ ನಾನ" ಅಂದಳು.

"ಏನ್ ನೀನ?"

"ಅವ್ವನ ಹತ್ರ ಬಂದವ್ರು ನಾವಿಬ್ಬರ ಅಣ್ಣಾ. ನಿನಗ ಬಂದಿಲ್ಲ. ರೇಷನ್ನಿಗೆ ಅಂತ ಮಂದ್ಯಾಗ ನಿಂತ ಬಂದಾಕಿ ನಾನು. ನನಗ ಅನಸ್ತಿತ್ತು. ಟೆಸ್ಟ ಮಾಡಸೂ ಧೈರ್ಯ ಆಗ್ಲಿಲ್ಲ. ಇನ್ನ ಮಾಡಸೂದ ಬ್ಯಾಡ."

ಒಳಗೆ ಹೋಗಿ ಚಾ ತಂದಳು. ಮಗ್ಗದ ಪಕ್ಕದಲ್ಲಿ ಕೂತು ಕುಡಿದೆವು. ನೇಯುವುದನ್ನು ಬಿಡುತ್ತೇನೆ, ಈಗ ಎದುರು ಕೂರುವವರೂ ಇಲ್ಲ, ಎಂದೇನೋ ಹೇಳಿದಳು. ನಾನು ಹೂಂ ಅನ್ನುತ್ತಿದ್ದೆ. ಅವಳು ಅಳುತ್ತಿರಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ತೀರ್ಪು ಕೇಳಿ ಬಂದವರ ಹಾಗೆ ಕೂತಿದ್ದಳು. ಕಪ್ಪು ಖಾಲಿಯಾದ ಮೇಲೆ ನಾನು ಮೊದಲ ಕಾಗದ ತೆಗೆದು ಕೊಟ್ಟೆ. ಲ್ಯಾಬಿನವರು ಹೇಳಿದ್ದನ್ನೂ ಹೇಳಿದೆ. ಯಾರಿಂದ ಯಾರಿಗೆ ಎಂದು ಇನ್ನು ಯಾರೂ ಹೇಳಲಾರರು ಅಂದೆ.

ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ತಾರೀಖು ಹೋಲಿಸಿ ನೋಡಿದಳು.

"ಚಾ ಕುಡಿಯೂ ತನಕ ಇದು ಕಿಸೇದಾಗ ಇತ್ತೇನು?"

"ಇತ್ತು."

"ನಾ ಹಂಗ ಅಂದ ಮ್ಯಾಲೂ?"

ಉತ್ತರ ಕೊಟ್ಟೆ ಎಂದು ಬರೆದುಕೊಂಡ ಪುಟವೊಂದಿದೆ. ಅದನ್ನು ನಂಬಬಾರದು.

"ಅವ್ವಗ ನಿನ್ನಿಂದ ಬಂದಿದ್ರ ಬರ್ಲಿ, ಅದು ಯಾರ ಕೈಯಾಗೂ ಇರಲಿಲ್ಲ" ಅಂದಳು ತಂಗಿ, ಕಪ್ಪುಗಳನ್ನು ಎತ್ತಿಕೊಳ್ಳುತ್ತ. "ಬರಬ್ಯಾಡ ಅನ್ನೂದಿಲ್ಲ ನಾ. ಇವತ್ತ ಹೋಗಣ್ಣಾ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಎದ್ದೆ. ಎರಡೂ ಕಾಗದ ಅವಳ ಹತ್ತಿರವೇ ಉಳಿದವು. ವಾಪಸು ಕೇಳುವ ಮುಖ ನನಗಿರಲಿಲ್ಲ.