ಸಹಿಯ ಕೆಳಗಿನ ಎರಡು ಚುಕ್ಕೆ

೧೯೯೮ರ ಶ್ರಾವಣದ ಎರಡನೇ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ, ನಾನು ಬೈಲಹೊಂಗಲದ ನಮ್ಮ ಕಾಲೇಜಿನ ಸಭಾಭವನದಲ್ಲಿ ಬಾಗಿಲಿನಿಂದ ಎರಡನೇ ಕಿಟಕಿಯ ಪಕ್ಕ ನಿಂತಿದ್ದೆ. ಸಾಲಿನಲ್ಲಿ ನನ್ನ ಮುಂದೆ ಹದಿಮೂರು ಜನ, ಹಿಂದೆ ಅರ್ಥಶಾಸ್ತ್ರದ ಮೇಡಮ್ ಒಬ್ಬರೇ. ಸಾಲಿನ ತುದಿಗೆ ಒಂದು ಕುರ್ಚಿ, ಅದರ ಮೇಲೆ ನಮ್ಮ ಸಂಸ್ಥೆಯ ಅಧ್ಯಕ್ಷರ ಫೋಟೊ. ಅವರಿಗೆ ಅಂದು ಅರವತ್ತು ತುಂಬಿತ್ತು. ಫೋಟೊದ ಮುಂದೆ ನಮ್ಮ ಸಿಪಾಯಿ ಕೆಂಡ ತುಂಬಿದ ಧೂಪಾರತಿ ಹಿಡಿದಿದ್ದ. ಒಬ್ಬೊಬ್ಬರೂ ಹೋಗಿ ಒಂದು ಚಿಟಿಕೆ ಲೋಬಾನದ ಧೂಪ ಹಾಕಿ, ಕೈಮುಗಿದು, ಪಕ್ಕದ ಮೇಜಿನ ಮೇಲಿದ್ದ ಹಾಳೆಯಲ್ಲಿ ತಮ್ಮ ಹೆಸರಿನ ಮುಂದೆ ಸಹಿ ಮಾಡಬೇಕಿತ್ತು.

ಅಧ್ಯಕ್ಷರು ಇದನ್ನು ಕೇಳಿರಲಿಲ್ಲ. ಅಂದು ಅವರು ಊರಲ್ಲೇ ಇರಲಿಲ್ಲ. ಸವದತ್ತಿಯ ಶಾಖೆಯವರು ಅವರ ಫೋಟೊ ಮೆರವಣಿಗೆ ಮಾಡುತ್ತಾರೆಂದು ಕೇಳಿ, ಅದಕ್ಕಿಂತ ಒಂದು ಕೈ ಹೆಚ್ಚೇ ಆಗಬೇಕೆಂದು ನಮ್ಮ ಪ್ರಾಚಾರ್ಯರು ಮಾಡಿದ ಏರ್ಪಾಡು ಇದು.

ನಾನು ಇತಿಹಾಸದ ಅಧ್ಯಾಪಕ. ಅದರ ಹಿಂದಿನ ವಾರವೇ ಬಿ.ಎ. ಹುಡುಗರಿಗೆ ರೋಮ್ ಪಾಠ ಮಾಡಿದ್ದೆ. ಚಕ್ರವರ್ತಿಗೆ ಗುಡಿ ಕಟ್ಟಲು ಏಷ್ಯಾದ ಊರುಗಳು ಹೇಗೆ ತಾವಾಗಿಯೇ ಪೈಪೋಟಿಗೆ ಬಿದ್ದವು ಎಂದು ಹೇಳಿದ್ದೆ. ಆತನ ಮೂರ್ತಿಯ ಮುಂದೆ ಒಂದಿಷ್ಟು ಧೂಪ ಹಾಕಿದರೆ ಸಾಕಿತ್ತು. ಯಾರ ಮನೆಯ ದೇವರನ್ನೂ ಬಿಡಬೇಕಾಗಿರಲಿಲ್ಲ. ಆದರೆ ಮೊದಲ ಕಾಲದ ಕ್ರೈಸ್ತರು ಒಪ್ಪಲಿಲ್ಲ. ಚಕ್ರವರ್ತಿಯ ಸಲುವಾಗಿ ಪ್ರಾರ್ಥಿಸುತ್ತೇವೆ, ಚಕ್ರವರ್ತಿಯನ್ನು ಪ್ರಾರ್ಥಿಸುವುದಿಲ್ಲ ಎಂಬುದು ಅವರ ನಿಲುವು. ಮುಂದೊಬ್ಬ ಚಕ್ರವರ್ತಿ, ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಅಧಿಕಾರಿಗಳಿಂದ ಚೀಟಿ ಪಡೆಯಬೇಕೆಂದು ಆಜ್ಞೆ ಮಾಡಿದ. ಕೆಲವರು ಕೊಟ್ಟರು, ಕೆಲವರು ಕೊಡದೆ ಸತ್ತರು. ಇನ್ನು ಕೆಲವರು ಬಲಿ ಕೊಡದೆಯೇ, ಅವರಿವರ ಕೈಕಾಲು ಹಿಡಿದು, ಚೀಟಿಯೊಂದನ್ನು ಮಾತ್ರ ಪಡೆದುಕೊಂಡರು.

ಆ ತರಗತಿಗೂ ಗ್ರಂಥಾಲಯಕ್ಕೂ ನಡುವೆ ಹಲಗೆಯ ಗೋಡೆ. ಆಚೆ ಕಡೆ ಗ್ರಂಥಾಲಯದ ಅಟೆಂಡರು ಕೂತು ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದರು. ಸಂಗೊಳ್ಳಿಯಿಂದ ದಿನಾ ಸೈಕಲ್ ಮೇಲೆ ಬರುತ್ತಿದ್ದ ಅವರಿಗೆ ನಲವತ್ತು ದಾಟಿತ್ತು. ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರಿ. ಆ ವರ್ಷ ಕಾಯಂ ಆಗುವುದಿತ್ತು.

ಪಾಠ ಮುಗಿಸಿ ಹೊರಬಂದಾಗ ಅವರು ಅಂದರು: "ಸರ, ನಿಮ್ಮ ಪಾಠ ಈ ಕಡೆ ಎಲ್ಲಾ ಕೇಳಸ್ತೈತ್ರಿ."

"ಹಂಗಾರ ನಿಮಗ ಪುಕ್ಕಟೆ ಬಿ.ಎ. ಆತು ಬಿಡ್ರಿ."

"ಅಲ್ರಿ, ಆ ಬರೇ ಚೀಟಿ ತೊಗೊಂಡವ್ರು ಮುಂದ ಏನಾದ್ರು? ಹಾಕಿದವ್ರು ಉಳದ್ರು, ಹಾಕದವ್ರು ಸತ್ರು. ಇವ್ರು?"

ಅಷ್ಟರಲ್ಲಿ ಗಂಟೆಯಾಯಿತು. ನಾಳೆ ಹೇಳುತ್ತೇನೆ ಎಂದು ಹೋದೆ. ಹೇಳಲಿಲ್ಲ.

ಆ ಸೋಮವಾರ ಅಟೆಂಡರು ಸಾಲಿಗೆ ಬರದೆ ಬಾಗಿಲ ಬಳಿ ನಿಂತರು. ಪ್ರಾಚಾರ್ಯರು ಎಲ್ಲರಿಗೂ ಕೇಳುವಂತೆ, "ಯಾಕ್ರೀ, ಒಂದು ಚಿಟಿಕಿ ಹಾಕಿದ್ರ ನಿಮ್ಮ ದೇವರಿಗೆ ನೆಗಡಿ ಬರತೈತೇನು?" ಎಂದರು. ಜನ ನಕ್ಕರು. ನಾನೂ ನಕ್ಕೆ.

ಅವರು ಅಂಗಿಯ ಮೇಲಿಂದಲೇ ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. "ಅಧ್ಯಕ್ಷರ ಸಲುವಾಗಿ ದಿನಾ ಬೇಡಕೋತೇನ್ರಿ. ಅವ್ರನ್ನ ಬೇಡಂಗಿಲ್ಲ. ಬೇಡೂದು ಇಲ್ಲೆ ಒಂದ ಕಡೆ."

ಅಷ್ಟೇ ಹೇಳಿ ಗ್ರಂಥಾಲಯಕ್ಕೆ ಹೋದರು. ಅಂಥದೇ ಕರಡಿಗೆ ನನ್ನ ಎದೆಯ ಮೇಲೂ ಇತ್ತು, ಆ ಸಾಲಿನಲ್ಲಿದ್ದ ಬಹುಪಾಲು ಜನರ ಎದೆಯ ಮೇಲೂ ಇತ್ತು. ನಮಗೆ ಅದು ಅಡ್ಡ ಬಂದಿರಲಿಲ್ಲ.

"ಹಾಳಿ ಸಂಜೀಕ ನನ್ನ ಟೇಬಲ್ಲಿಗೆ ಬರಬೇಕು. ಒಂದು ಸಹಿನೂ ಕಡಿಮಿ ಬೀಳಬಾರದು," ಎಂದು ಪ್ರಾಚಾರ್ಯರು ಹೊರಗೆ ನಡೆದರು. ಕಾಯಂ ಮಾಡುವ ಶಿಫಾರಸೂ ಅದೇ ಟೇಬಲ್ಲಿನ ಮೇಲಿತ್ತು.

ನನ್ನ ಸರದಿ ಬಂತು. ಲೋಬಾನ ಹಾಕಿದೆ, ಕೈಮುಗಿದೆ, ಸಹಿ ಮಾಡಿದೆ. ಹಾಳೆಯ ಕೊನೆಯ ಸಾಲಿನಲ್ಲಿ ಅಟೆಂಡರ ಹೆಸರಿತ್ತು. ಅದರ ಮುಂದೆ ಅವರ ಸಹಿಯನ್ನೂ ನಾನೇ ಮಾಡಿದೆ. ಸಿಪಾಯಿ ನೋಡಿದ. ಹಿಂದಿನಿಂದ ಮೇಡಮ್, "ಸರ..." ಎಂದರು.

"ಇರ್ಲಿ ಬಿಡ್ರಿ ಮೇಡಮ್, ಪಾಪ, ಹನ್ನೊಂದು ವರ್ಷ ಆತು," ಎಂದೆ. ಒಳ್ಳೆಯ ಕೆಲಸ ಮಾಡಿದೆನೆಂದೇ ಅಂದುಕೊಂಡಿದ್ದೆ.

ಗುರುವಾರದ ಹೊತ್ತಿಗೆ ಆ ಹಾಳೆ ಕಟ್ಟು ಹಾಕಿಸಿಕೊಂಡು ಆಫೀಸಿನ ಗೋಡೆಯ ಮೇಲೆ, ಅಧ್ಯಕ್ಷರ ಫೋಟೊದ ಕೆಳಗೆ ತೂಗಾಡುತ್ತಿತ್ತು. ಮಧ್ಯಾಹ್ನ ಅಟೆಂಡರು ಸ್ಟಾಫ್ ರೂಮಿಗೆ ಬಂದು, ನಾನು ಪುಸ್ತಕ ಒಯ್ದಾಗ ಬರೆದುಕೊಟ್ಟಿದ್ದ ಒಂದು ಚೀಟಿಯನ್ನು ನನ್ನ ಮುಂದಿಟ್ಟರು. ಸಹಿ ಮಾಡಿ ಅದರ ಕೆಳಗೆ ಎರಡು ಚುಕ್ಕೆ ಇಡುವುದು ನನ್ನ ರೂಢಿ.

"ಸರ, ನನ್ನ ಸಹಿ ಕೆಳಗೂ ಎರಡು ಚುಕ್ಕಿ ಅದಾವ್ರಿ."

"ನಿಮ್ಮ ಆರ್ಡರ್ ಬರೂತನಕ ಸುಮ್ಮನಿರ್ರಿ," ಎಂದೆ.

"ನಾ ಹಾಕಂಗಿಲ್ಲ ಅಂತ ಬಾಯಿ ಬಿಟ್ಟು ಹೇಳಿದ್ದೆ. ಈಗ ಗ್ವಾಡಿ ಮ್ಯಾಲೆ ಹಾಕೇನಿ ಅಂತ ಐತಿ." ಚೀಟಿಯನ್ನು ಮಡಚಿ ಜೇಬಿಗಿಟ್ಟು ಅಂದರು: "ನೀವ ಹೋಗಿ ಹೇಳ್ರಿ ಸರ. ನಾ ಹೋದ್ರ ನಿಮ್ಮ ಹೆಸರು ಕೇಳತಾರ."

ಹೇಳುತ್ತೇನೆ ಎಂದೆ. ಎಂಟು ದಿನ ಹೋಗಲಿಲ್ಲ. ಸುಳ್ಳು ಸಹಿ ಮಾಡಿದ ಅಧ್ಯಾಪಕನಿಗೆ ಏನಾದೀತು ಎಂದು ಲೆಕ್ಕ ಹಾಕುತ್ತಿದ್ದೆ. ಒಂಬತ್ತನೇ ದಿನ ಅವರೇ ಹೋಗಿ, ಅದು ತಮ್ಮ ಸಹಿಯಲ್ಲ ಎಂದರು. ಮತ್ತೆ ಯಾರದು ಎಂದು ಪ್ರಾಚಾರ್ಯರು ಕೇಳಿದರು. ಅವರು ಹೇಳಲಿಲ್ಲ. ಹಾಗಾದರೆ ಈಗ ಲೋಬಾನ ಹಾಕಿ, ಇಲ್ಲೇ ಸಹಿ ಮಾಡಿ ಎಂದರು ಪ್ರಾಚಾರ್ಯರು. ಅದನ್ನೂ ಮಾಡಲಿಲ್ಲ. ಶಿಫಾರಸು ಅವರ ಹೆಸರಿಲ್ಲದೆ ಹೋಯಿತು. ದಸರೆಯ ರಜೆಯ ನಂತರ ಅವರು ಬರಲಿಲ್ಲ. ರಾಮದುರ್ಗದಲ್ಲಿ ತಂಗಿಯ ಗಂಡನ ಮಗ್ಗದ ಮನೆ ಸೇರಿದರೆಂದು ತಿಳಿಯಿತು.

೨೦೦೬ರಲ್ಲಿ ಅಲ್ಲಿಗೆ ಹೋದೆ. ನೂಲು ಸುತ್ತುತ್ತಿದ್ದವರು ಎದ್ದು ಬಂದು, "ಬರ್ರಿ ಸರ, ಕುಂಡ್ರಿ," ಎಂದರು. ಕೂತವನೇ ಅವರ ಹಳೆಯ ಪ್ರಶ್ನೆಗೆ ಉತ್ತರ ಹೇಳಿದೆ: ಬರೀ ಚೀಟಿ ಪಡೆದವರನ್ನೂ ಆ ಕ್ರೈಸ್ತರು ಧರ್ಮದಿಂದ ಬಿದ್ದವರೆಂದೇ ಎಣಿಸಿದರು, ಆದರೆ ಎಲ್ಲರೆದುರು ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಂಡವರನ್ನು ಮತ್ತೆ ಒಳಗೆ ಕರೆದುಕೊಂಡರು.

"ಎಲ್ಲಾರ ಮುಂದ ಹೇಳಬೇಕಾಗಿತ್ತೇನ್ರಿ?"

"ಹೌದ್ರಿ."

ಅವರು ಕಡಿದಿದ್ದ ನೂಲಿನ ಎಳೆಯೊಂದನ್ನು ಗಂಟು ಹಾಕಿದರು. "ಆ ಹಾಳಿ ಇನ್ನೂ ಐತೇನ್ರಿ ಗ್ವಾಡಿ ಮ್ಯಾಲೆ?"

ಇದೆ ಎಂದೆ. ಅವರು ಒಳಗೆ ತಿರುಗಿ ಚಹಾ ತರಲು ಹೇಳಿದರು.

ಪ್ರಾಚಾರ್ಯರು ಈಗಿಲ್ಲ. ಆ ಹಾಳೆಯೂ ಮುಂದೊಮ್ಮೆ ಸುಣ್ಣ ಹೊಡೆಯುವಾಗ ಇಳಿದದ್ದು ಮತ್ತೆ ಗೋಡೆ ಏರಲಿಲ್ಲ. ನಾನು ಆ ಸಹಿ ಮಾಡಿದ್ದನ್ನು ಕಣ್ಣಾರೆ ಕಂಡವರು ಇಬ್ಬರು, ಇಬ್ಬರೂ ಇದ್ದಾರೆ, ಇದನ್ನು ಓದಿದವರು ಬೇಕಾದರೆ ಕೇಳಬಹುದು: ಸವದತ್ತಿಯಲ್ಲಿ ಮಗಳ ಮನೆಯಲ್ಲಿರುವ ಅರ್ಥಶಾಸ್ತ್ರದ ಮೇಡಮ್, ಮತ್ತು ಧೂಪಾರತಿ ಹಿಡಿದಿದ್ದ ಸಿಪಾಯಿ. ಆತ ನೇಸರಗಿಯಲ್ಲಿದ್ದಾನೆ, ನಾನು ಅಂದು ಪುಣ್ಯ ಕಟ್ಟಿಕೊಂಡೆನೆಂದು ಈಗಲೂ ಹೇಳುತ್ತಾನೆ.